ನೋಡಲ್ ಮೇಷ್ಟ್ರು

ಸುತ್ತೋಲೆ ಬಂದ ದಿನ ಶಾಲೆಯಲ್ಲಿ
ಮೊಟ್ಟೆಯ ಲೆಕ್ಕ ನಡೆದಿತ್ತು.
ಹನ್ನೊಂದು ಪುಟ, ಮೂರು ನಮೂನೆ, ನೀಲಿ ಮೊಹರು.
ಹೊಸ ಕಾಯ್ದೆ. ಮಕ್ಕಳು ತಮ್ಮ ಜೀವ ತಾವೇ ಕಳಕೊಳ್ಳದಂತೆ
ಪ್ರತಿ ಸರ್ಕಾರಿ ಶಾಲೆಯೂ ನೀತಿಯೊಂದನ್ನು ಹೊಂದತಕ್ಕದ್ದು,
ಒಬ್ಬ ಶಿಕ್ಷಕರನ್ನು ನೋಡಲ್ ಎಂದು ನೇಮಿಸತಕ್ಕದ್ದು.
ಗಣಿತದವರಿಗೆ ಪೋರ್ಷನ್ ಮುಗಿದಿಲ್ಲ,
ಇಂಗ್ಲಿಷಿನವರು ಡೆಪ್ಯುಟೇಷನ್ ಮೇಲೆ ಹಿರಿಯೂರಿಗೆ.
ಹೆಡ್‌ಮೇಷ್ಟ್ರು ಕಿಟಕಿಯಾಚೆ ನೋಡಿದರು.
ಅಲ್ಲಿ ನಾನಿದ್ದೆ, ಬಾಯಲ್ಲಿ ಸೀಟಿ,
ಖೊಖೊ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತ.

'ಪಾಲಾಕ್ಷಪ್ಪ, ನಿಮಗೇನ್ರೀ, ಪೀಟಿ.
ಹುಡುಗರು ನಿಮ್ಮ ಹತ್ರ ಮಾತಾಡ್ತಾವೆ.'

ಮಾತಾಡ್ತಾವೆ.
ಓಬಳೇಶನೂ ಮಾತಾಡಿದ್ದ.
ಮೂರು ವರ್ಷದ ಕೆಳಗೆ, ಹತ್ತನೇ ಬಿ,
ಒಂದು ಸೋಮವಾರ ಓಟದ ಶೂ ವಾಪಸು ತಂದ,
ಮಣ್ಣು ತೊಳೆದು, ಲೇಸು ಬಿಚ್ಚಿ, ಸುತ್ತಿ ಒಳಗಿಟ್ಟು.
'ಇನ್ನ ಬ್ಯಾಡ ಸಾರ್.'
ನಾನು ದಾಸ್ತಾನು ಪುಸ್ತಕ ತೆಗೆದೆ,
ಅವನ ಹೆಸರಿನ ಮುಂದೆ ಸರಿ ಗುರುತು ಹಾಕಿದೆ.
ತೊಳೆದು ಕೊಟ್ಟವನು ಇವನೊಬ್ಬನೇ ಅಂತ
ಸ್ಟಾಫ್ ರೂಮಿನಲ್ಲಿ ಹೊಗಳಿದೆ ಕೂಡ.

ಸುತ್ತೋಲೆಯ ಆರನೇ ಪುಟದಲ್ಲಿ ಅದು ಇದೆ.
ಎಚ್ಚರಿಕೆಯ ಲಕ್ಷಣಗಳು, ಕ್ರಮ ಸಂಖ್ಯೆ ನಾಲ್ಕು:
'ತನಗೆ ಪ್ರಿಯವಾದ ವಸ್ತುವನ್ನು ಕೊಟ್ಟುಬಿಡುವುದು.'
ಬೇವಿನ ಮರದ ಕೆಳಗೆ ನಿಂತು ಆ ಸಾಲು
ಎಷ್ಟು ಸಲ ಓದಿದೆನೋ.
ಕಾಯ್ದೆಯೇ, ನೀನು ಮೂರು ವರ್ಷ ತಡ ಎನ್ನೋಣವೆಂದರೆ
ಆ ಸೋಮವಾರ ನಾನು ಅಲ್ಲೇ ಇದ್ದೆ.

ತಿಂಗಳ ಕೊನೆಗೆ ನಮೂನೆ ಎರಡು ಹೋಗಬೇಕು.
ವರದಿಯಾದ ಪ್ರಕರಣ: ಸೊನ್ನೆ.
ಕೈಗೊಂಡ ಕ್ರಮ: ಅನ್ವಯಿಸುವುದಿಲ್ಲ.
'ಸೊನ್ನೆ ಬರೀರಿ ಸಾರ್, ಯಾರೂ ಫೋನ್ ಮಾಡಲ್ಲ'
ಎನ್ನುತ್ತಾಳೆ ಗುಮಾಸ್ತೆ ಮಾರಕ್ಕ, ಹದಿನೆಂಟು ವರ್ಷದ ಸರ್ವೀಸು.

ಪೆಟ್ಟಿಗೆಯೂ ಬೇಕಂತೆ. ಮೊಳಕಾಲ್ಮೂರಲ್ಲಿ
ಸೀರೆ ಡಬ್ಬಿಗೆ ಬರವೇ? ಒಂದಕ್ಕೆ ಸೀಳು ಕೊರೆದು
ಜವಾನ ಗಾದ್ರಪ್ಪ ನಲ್ಲಿಯ ಪಕ್ಕ ತೂಗುಹಾಕಿದ.
ಶನಿವಾರ ತೆಗೆದು ನೋಡುತ್ತೇನೆ.
ಹುಡುಗೇರ ಕಕ್ಕಸಿಗೆ ಚಿಲಕ ಇಲ್ಲ.
ರಾಂಪುರದ ಬಸ್ಸು ನಿಲ್ಲಿಸಲ್ಲ.
ಒಬ್ಬರು ನನ್ನ ಜಾತಿ ಹೆಸರು ಹಿಡಿದು ಕರೀತಾರೆ, ಅವರ ಹೆಸರು ಬರೆಯಲ್ಲ.
ಮತ್ತೆ ಒಂದು ಹಾಳೆ, ನಾಲ್ಕು ಮಡಿಕೆ, ಒಳಗೆ ಏನೂ ಇಲ್ಲ.
ಮುಂದಿನ ಶನಿವಾರವೂ. ಅದರ ಮುಂದಿನದೂ.
ಅಂಚಿಗೆ ಅಂಚು ಕೂಡಿಸಿ ಉಗುರಲ್ಲಿ ತೀಡಿದ
ಮಗ್ಗದ ಮನೆಯ ಮಡಿಕೆ.
ಖಾಲಿ ಹಾಳೆಗೆ ನಮೂನೆಯಲ್ಲಿ ಕಾಲಂ ಇಲ್ಲ.

ಐದನೇ ವಾರ ಪ್ರಾರ್ಥನೆ ಮುಗಿದ ಮೇಲೆ
ಸೀಟಿ ಜೇಬಿಗಿಟ್ಟು ಹೇಳಿದೆ:
'ಏನೂ ಬರೀದೆ ಹಾಕಿದೋರದ್ದು ನಾನು ಓದೀನಿ.'
ಹುಡುಗರು ಕಿಸಕ್ಕೆಂದರು.
'ಸಂಜೆ ವಾಲಿಬಾಲ್ ನೆಟ್ ಬಿಚ್ಚಾಕೆ ಒಬ್ರು ಬೇಕು.'

ಬಂದಳು. ಒಂಬತ್ತನೇ ಕ್ಲಾಸು. ಹೆಸರು ಇಲ್ಲಿ ಬೇಡ.
ನೆಟ್ಟಿನ ಆ ತುದಿ ಅವಳು, ಈ ತುದಿ ನಾನು,
ಗುಡ್ಡದ ಬಂಡೆಗಳ ಮೇಲೆ ಇನ್ನೂ ಬಿಸಿಲು,
ಬೀದಿಯಿಂದ ಮಗ್ಗಗಳ ಲಟಪಟ.
ನೇರವಾಗಿ ಕೇಳಬೇಕು, ಎಂಟನೇ ಪುಟ.
ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಅದೂ ಎಂಟನೇ ಪುಟ.
ನೂರು ಮೀಟರು ಓಡಿದವನ ಹಾಗೆ ಬಾಯಿ ಒಣಗಿ
ಸಾಯಬೇಕು ಅನ್ನಿಸುತ್ತಾ ಅಂತ ಕೇಳಿಯೇಬಿಟ್ಟೆ.

'ಹೂಂ' ಅಂದಳು.
ಆಮೇಲೆ ಬಹಳ ಹೊತ್ತು ಬರೀ ಮಗ್ಗ.
ಆಮೇಲೆ: 'ಸರಿಯಾಗಿ ಮಡಚ್ರೀ ಸಾರ್,
ನಾಳೆ ಸಿಕ್ಕು ಬೀಳ್ತದೆ.'

ಆ ರಾತ್ರಿ ಅವರಮ್ಮನ ಜೊತೆ ಕೂತೆ.
ಮಂಗಳವಾರ ದುರ್ಗದ ಜಿಲ್ಲಾಸ್ಪತ್ರೆ, ಮೊದಲ ಬಸ್ಸು,
ಮೂವರಿಗೂ ಸೀಟು ಸಿಗಲಿಲ್ಲ, ನಿಂತೇ ಹೋದೆವು.

ಈ ತಿಂಗಳ ನಮೂನೆಯಲ್ಲಿ ಒಂದು ಎಂದು ಬರೆದೆ.
ಮಾರಕ್ಕ ನನ್ನ ಮುಖ ನೋಡಿ
ಫೋನನ್ನು ನನ್ನ ಕಡೆ ಸರಿಸಿದಳು.

ಆರನೇ ನಂಬರಿನ ಶೂ ಬೀರುವಿನಲ್ಲೇ ಇದೆ,
ಲೇಸು ಸುತ್ತಿಟ್ಟ ಹಾಗೇ.
ಅದನ್ನು ಯಾರಿಗೆ ಕೊಡತಕ್ಕದ್ದೆಂದು
ಹನ್ನೊಂದು ಪುಟದಲ್ಲೂ ಹುಡುಕಿದೆ.