ಮೂರನೇ ಕೋಣೆ

ಬಾಣದ ಗುರುತು ನೋಡದೆ ಕೂರಿಸಿದರೆ
ವಾಲ್ವು ರಾತ್ರಿಯಿಡೀ ಗೋಡೆ ಬಡಿಯುತ್ತದೆ.
ನೀರು ಬರುವ ಕಡೆ ಯಾವುದು, ಹೋಗುವ ಕಡೆ ಯಾವುದು,
ಪೈಪು ಮುಟ್ಟಿಯೇ ತಿಳಿಯಬೇಕು.
ನನ್ನ ಬೆರಳ ತುದಿಗೆ ತಿಳಿಯುವುದಿಲ್ಲ.
ಅಪ್ಪನ ಚರಕದ ಮುಂದೆ ಎಂಟು ವರ್ಷ
ಕುದಿನೀರಲ್ಲಿ ಗೂಡಿನ ಎಳೆ ಹೆಕ್ಕಿದ ಬೆರಳು.
ಅದಕ್ಕೇ ಮುಂಗೈ ತಿರುವಿ ಮುಟ್ಟುತ್ತೇನೆ,
ಮಗುವಿನ ಹಣೆ ನೋಡುವವರ ಹಾಗೆ.

ಶಿಡ್ಲಘಟ್ಟದಿಂದ ಆರು ಮೈಲಿ. ಪುಷ್ಯದ ಚಳಿ.
ಆಂಜಿನಪ್ಪನ ಚಾಕಿ ಮನೆ.
ಮೂರು ಕೋಣೆ, ಕೋಣೆಗೆ ಇನ್ನೂರು ಟ್ರೇ,
ಕೊಚ್ಚಿದ ಸೊಪ್ಪಿನ ಮೇಲೆ ಮರಿಹುಳು,
ಯಾರೋ ಕಾಳುಮೆಣಸಿನ ಪುಡಿ ಉದುರಿಸಿದಷ್ಟು.
ಗೋಡೆಯ ಬುಡ ಹಿಡಿದು ಒಂದೇ ಪೈಪು
ಮೂರೂ ಕೋಣೆ ಸುತ್ತಿ ಹಿತ್ತಲ ಬಾಯ್ಲರಿಗೆ ಮರಳುತ್ತದೆ.
ಉರುವಲು ಹಿಪ್ಪುನೇರಳೆಯ ಕಡ್ಡಿ:
ಎಲೆ ಒಳಗೆ ಹೋಗುತ್ತದೆ, ಕಡ್ಡಿ ಹೊರಗೆ ಉರಿಯುತ್ತದೆ.

ಮುಂಚೆ ಇದ್ದಿಲ ಬಾಣಲೆ ಇತ್ತು,
ದ್ಯಾವಮ್ಮ ಇದ್ದಳು. ದ್ಯಾವಮ್ಮ ಈಗಲೂ ಇದ್ದಾಳೆ.
ಮೊಣಕೈಯ ಒಳಮಡಿಕೆಯನ್ನು ಟ್ರೇ ಅಂಚಿಗೆ ಹಿಡಿದು
'ಒಂದು ಬಾಣಲೆ ಆಚೆ ತಗೀರಿ' ಅನ್ನುವಳು.
ಗೋಡೆಯ ಥರ್ಮಾಮೀಟರು ಅವಳ ಮಾತು ಒಪ್ಪುತ್ತಿತ್ತು,
ಸ್ವಲ್ಪ ತಡವಾಗಿ.

'ಇದರ ತಲೆಯೊಳಗೆ ಏನೈತೆ, ಜಬೀ?'
'ಮೇಣ. ಬಿಸಿಗೆ ಉಬ್ಬಿ ನೀರು ಮುಚ್ಚುತ್ತೆ.
ಚಳಿಗೆ ಕುಗ್ಗಿ ಬಿಡುತ್ತೆ.'
'ಕರೆಂಟು?'
'ಬೇಡ.'
'ಸಂಬಳ?' ಅಂದಳು. ನಗಲಿಲ್ಲ.

ವಾಲ್ವಿನ ತಲೆಯನ್ನು ನೆಟ್ಟಗೆ ನಿಲ್ಲಿಸಬಾರದು, ಅಡ್ಡ ಮಲಗಿಸಬೇಕು.
ನೆಟ್ಟಗೆ ನಿಂತರೆ ತನ್ನ ಪೈಪಿನ ಬಿಸಿಯನ್ನೇ
ಇಡೀ ಕೋಣೆಯ ಬಿಸಿ ಅಂದುಕೊಂಡು
ಬೇಗ ಬಾಯಿ ಮುಚ್ಚಿಕೊಳ್ಳುತ್ತದೆ.
ಅಂಥ ಮನುಷ್ಯರೂ ಗೊತ್ತು ನನಗೆ,
ಒಬ್ಬರಿಗೆ ಬಿಲ್ಲು ಕೊಡುವುದಿದೆ.

ಇಷ್ಟೆಲ್ಲ ಬಲ್ಲವನು ನಾನು. ತಪ್ಪೂ ನನ್ನದೇ.
ರಾತ್ರಿ ಎರಡಕ್ಕೆ ಫೋನು:
'ಮೂರನೇ ಕೋಣೆ ಸುಮ್ಕಾಗೈತೆ. ಬಾ.'

ಬೈಕಿನ ಲೈಟಿಗೆ ಮಂಜು ಬಿಟ್ಟರೆ ಏನೂ ಸಿಗಲಿಲ್ಲ.
ಮೊದಲ ಕೋಣೆ ಇಪ್ಪತ್ತೇಳು, ಹೊಟ್ಟೆ ತುಂಬಿದ ವಾಲ್ವು ಮುಚ್ಚಿತ್ತು.
ಒಂದೇ ಪೈಪಲ್ಲವೇ,
ಅದು ಮುಚ್ಚಿದ ಮೇಲೆ ಮುಂದಿನವರಿಗೆ ನೀರೆಲ್ಲಿಂದ?
ಎರಡನೆಯದು ಇಪ್ಪತ್ತನಾಲ್ಕು. ಮೂರನೆಯದು ಹತ್ತೊಂಬತ್ತು.

ಹುಳುಗಳು ಅಲುಗುತ್ತಿರಲಿಲ್ಲ.
'ಜ್ವರಕ್ಕೆ ಕೂತಿರಬಹುದು' ಅಂದೆ.
ಪೊರೆ ಬಿಡುವ ಮುಂಚಿನ ನಿದ್ದೆಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ.
ದ್ಯಾವಮ್ಮ ಟಾರ್ಚು ಓರೆ ಹಿಡಿದಳು:
'ಜ್ವರಕ್ಕೆ ಕೂತದ್ದು ತಲೆ ಎತ್ತಿರ್ತದೆ.
ಇವು ತಲೆ ಹಾಕವೆ.'

ಅಟ್ಟದಿಂದ ಹಳೆಯ ಬಾಣಲೆ ಇಳಿಯಿತು.
ಅವಳು ಇದ್ದಿಲು ಊದಿದಳು, ನಾನು ನೀರು ಖಾಲಿ ಮಾಡಿ ಪೈಪು ಕೊಯ್ದೆ.
ವಾಲ್ವಿನ ಈಚೆಯಿಂದ ಆಚೆಗೆ ಒಂದು ಬಳಸುದಾರಿ,
ಬಾಗಿಲು ಹಾಕಿದ ಮನೆಯ ಮುಂದೆಯೂ
ಓಣಿ ನಿಲ್ಲದೆ ಹೋಗುವಂತೆ.
ಒಂದು ಕೋಣೆ ಸಾಕು ಅಂದರೂ ನೀರು ನಿಲ್ಲಬಾರದು, ಅಷ್ಟೇ.
ಸಾವಿರ ಸಲ ಮಾಡಿದ ಕೆಲಸ,
ನಿನ್ನೆ ಹಗಲು ಯಾಕೆ ಹೊಳೆಯಲಿಲ್ಲ!
ಬೆಳ್ಳಿ ಮೂಡುವ ಹೊತ್ತಿಗೆ ಮೂರನೇ ಕೋಣೆಯ ಪೈಪು
ಮುಂಗೈಗೆ ಬೆಚ್ಚಗೆ ಸಿಕ್ಕಿತು.
ದ್ಯಾವಮ್ಮ ಮೊಣಕೈ ಹಿಡಿದು ನೋಡಿ
ಬಾಣಲೆಯ ಕೆಂಡಕ್ಕೆ ಬೂದಿ ಮುಚ್ಚಿದಳು. ಆರಿಸಲಿಲ್ಲ.

ಮೂರನೆಯ ದಿನ ಮತ್ತೆ ಹೋದೆ.
ಕೊನೆಯ ನಟ್ಟಿನಲ್ಲಿ ಹನಿ.
ಸ್ಪ್ಯಾನರಿನ ಕಾಲು ಸುತ್ತು ಸಾಕು.
ಬಾಗಿಲಲ್ಲೇ ತಡೆದಳು, ತುಟಿಯ ಮೇಲೆ ಬೆರಳು:
ಆರುನೂರು ಟ್ರೇ ಒಟ್ಟಿಗೆ ಜ್ವರಕ್ಕೆ ಕೂತಿವೆ,
ಎಲ್ಲ ತಲೆಯೂ ಮೇಲೆ.
ನಾಳೆ ಈ ಹೊತ್ತಿನ ತನಕ ಒಂದು ಕಬ್ಬಿಣವೂ ಅಲುಗಬಾರದು.

ಹನಿಯ ಕೆಳಗೆ ಸ್ಟೀಲು ಲೋಟ ಇಟ್ಟಳು.
ಟಣ್ ಅಂದಿತು.
ಸೆರಗಿನ ತುದಿ ಹರಿದು
ಲೋಟದೊಳಗೆ ಹಾಸಿದಳು.

ನಾನು ಹೊರಗೆ ಮೆಟ್ಟಿಲ ಮೇಲೆ
ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ.