ಗೀರು

ಬಣ್ಣ ಒರೆಸಿದ್ದು ಚಂದ್ರಭಾಗಾ ವಹಿನಿ.
ಮದುವೆಗೆ ಹಚ್ಚಿದ ಕೆಂಪು ಹತ್ತಿಗೆ ಇಳಿಯಿತು,
ಎಡಗಾಲ ಹೆಬ್ಬೆರಳಲ್ಲಿ ಮಾತ್ರ ಇಳಿಯಲಿಲ್ಲ.
ಮತ್ತೆ ಉಜ್ಜಿದಳು. ಕೆಂಪಲ್ಲ, ಕಪ್ಪು.
ಉಗುರಿನ ಮೇಲಲ್ಲ, ಒಳಗೆ.
ಒಣಗಿದ ಮುರುಗಲ ಸಿಪ್ಪೆಯ ಕಪ್ಪು.

"ಏನಾದರೂ ಬಿದ್ದಿತ್ತಾ?"
ಬೈತಖೋಲ ಬಂದರಿನಲ್ಲಿ ದುಡಿಯುವವಳ ಕಾಲಿಗೆ
ಏನು ಬೀಳುವುದಿಲ್ಲ?
ಬುಟ್ಟಿ, ಬಂಗಡೆ ಕ್ರೇಟಿನ ಮೂಲೆ, ಯಾರದೋ ಗಂಬೂಟು.
ನೆನಪಾಗಲಿಲ್ಲ.
"ಇಲ್ಲ" ಎಂದೆ.

ಅದೇ ತಪ್ಪಾಯಿತು.
ಬಿದ್ದಿದ್ದರೆ ರೆಬೆಲ್ಲೋ ಡಾಕ್ಟರು ನಕ್ಕು ಕಳಿಸುತ್ತಿದ್ದರೇನೋ.
ಈಗ ಟಾರ್ಚು ಬಂತು, ಭೂತಗನ್ನಡಿ ಬಂತು,
ನನ್ನ ಪಾದ ಅವರ ತೊಡೆಯ ಮೇಲೆ ಬಂತು.
ಮೀನುವಾಸನೆಗೆ ನಾನೇ ಬೆರಳು ಮಡಚಿದೆ.
"ಎರಡು ಥರ. ಒಂದು, ಹೆಪ್ಪುಗಟ್ಟಿದ ರಕ್ತ. ಇನ್ನೊಂದು..."
ಇನ್ನೊಂದನ್ನು ಬಾಯಲ್ಲಿ ಹೇಳಲಿಲ್ಲ, ಚೀಟಿಯಲ್ಲಿ ಬರೆದರು.
ವಹಿನಿ ಓದಲು ಬಾರದವಳ ಹಾಗೆ ಅದನ್ನು ಮಡಚಿದಳು.
ಅವಳು ಹತ್ತನೇ ತರಗತಿ ಪಾಸು.

ಆಮೇಲೆ ಬ್ಲೇಡಿನ ತುದಿಯಿಂದ
ಕಲೆಯ ಹಿಂದಂಚಿಗೆ ಸರಿಯಾಗಿ ಒಂದು ಗೀರು.
"ಉಗುರು ಬೆಳೆದ ಹಾಗೆ ಇದು ಮುಂದೆ ಹೋಗುತ್ತದೆ.
ಕಲೆಯೂ ಜೊತೆಗೆ ಹೊರಟರೆ ರಕ್ತ.
ಗೀರು ಹೋಗಿ ಕಲೆ ಹಿಂದೆ ಕೂತರೆ, ಹುಬ್ಬಳ್ಳಿ.
ಆರು ವಾರ ಬಿಟ್ಟು ಬಾ.
ಅಗಲವಾದರೆ, ಚರ್ಮಕ್ಕೆ ಹಬ್ಬಿದರೆ, ಅದೇ ದಿನ ಬಾ."

ಮೀನುಗಾರಿಕೆ ಬಂದ್. ಬೋಟುಗಳು ತಾಡಪತ್ರೆ ಹೊದ್ದು
ಒಂದಕ್ಕೊಂದು ಒರಗಿ ನಿದ್ದೆ.
ಬಂದರಿನಲ್ಲಿ ಆಗ ಚಲಿಸುತ್ತಿದ್ದದ್ದು
ನನ್ನ ಉಗುರೊಂದೇ,
ತಿಂಗಳಿಗೆ ಅಕ್ಕಿಕಾಳಿನ ದಪ್ಪದಷ್ಟು.
ರಾತ್ರಿ ಕಂಬಳಿಯೊಳಗೆ ಮೊಬೈಲಿನ ಬೆಳಕು.
"ಯಾರಿಗೆ ಮೆಸೇಜು?" ಎಂದ ಉಮಾಕಾಂತ.
"ಕಾಲಿಗೆ."
ನಗಲಿಲ್ಲ ಅವನು. ಎದ್ದು ಕೂತು,
ತಾನೂ ಬಗ್ಗಿ ನೋಡಿದ.

ಜುಲೈ ಮುಗಿಯುವಾಗ ಕಂಡಿತು.
ಕಲೆಗೂ ಚರ್ಮಕ್ಕೂ ನಡುವೆ ಒಂದು ಬಿಳಿ ಪಟ್ಟಿ,
ಇಳಿತ ಶುರುವಾದಾಗ ಮಾಜಾಳಿಯಲ್ಲಿ
ಮೊದಲು ತಲೆ ಎತ್ತುವ ಮರಳಿನಷ್ಟು.
ಕಲೆ ಗೀರಿನ ಬೆನ್ನು ಬಿಟ್ಟಿರಲಿಲ್ಲ.

ಆಗ ಲೆಕ್ಕ ಹಾಕಿದೆ.
ಬಣ್ಣ ಹಚ್ಚುವಾಗ ಇರಲಿಲ್ಲ, ಒರೆಸುವಾಗ ಇತ್ತು.
ನಡುವೆ ಇಪ್ಪತ್ತು ದಿನ.
ನಡುವೆ ಮೇ ಮೂವತ್ತೊಂದು, ಕೊನೆಯ ಹರಾಜು.
ನನ್ನ ಇಸವಾಣದ ರಾಶಿಯನ್ನು ಏಜೆಂಟ್ ಗುರುನಾಥ
ಅರ್ಧಕ್ಕೆ ಕೂಗಿ ಮುಗಿಸಿದ್ದ.
ತುಟಿ ಎರಡಾಗಲಿಲ್ಲ ನನ್ನದು. ನೋಟು ಎಣಿಸಿ
ಸೊಂಟಕ್ಕೆ ಸಿಕ್ಕಿಸಿಕೊಂಡೆ.
ಅವನ ಬೆನ್ನು ತಿರುಗಿದ ಮೇಲೆ
ಐಸು ತುಂಬಿದ ಪೆಟ್ಟಿಗೆಯನ್ನು ಒದ್ದೆ.
ಪೆಟ್ಟಿಗೆ ಅಲುಗಲಿಲ್ಲ.
ನೋವು ಆಗಿರಬೇಕು; ಸಿಟ್ಟಿನಲ್ಲಿ ಗೊತ್ತಾಗಲಿಲ್ಲ.

ಸುಳ್ಳು ಹೇಳಿರಲಿಲ್ಲ ಡಾಕ್ಟರೇ.
ಏನೂ ಬಿದ್ದಿರಲಿಲ್ಲ.

ರೆಬೆಲ್ಲೋ ಅವರಿಗೆ ಭಟ್ಕಳಕ್ಕೆ ವರ್ಗವಾಗಿತ್ತು.
ಹೊಸಬರು ನೋಡಿ, "ರಕ್ತವೇ. ಹೋಗು" ಅಂದರು.
ಹೊರಗೆ ಬಂದು ವಹಿನಿ ಪರ್ಸಿನಿಂದ ಚೀಟಿ ತೆಗೆದು
ಆ ಇನ್ನೊಂದರ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಓದಿದಳು,
ನಾವು ಹತ್ತದ ಬಸ್ಸಿನ ಬೋರ್ಡು ಓದುವ ಹಾಗೆ.

ಕಲೆ ಇನ್ನೂ ಇದೆ, ಅರ್ಧ ದಾರಿಯಲ್ಲಿ.
ಬಣ್ಣ ಹಚ್ಚಿಲ್ಲ.
ಹರಾಜಿಗೆ ನಿಂತಾಗ
ಆ ಕಾಲನ್ನೇ ಮುಂದೆ ಇಡುತ್ತೇನೆ.