ಎಡಗಡೆಯ ಹಿಂದಿನ ಚಕ್ರ

ನಾಲ್ಕನೆಯ ಸಲ.
ಏಪ್ರಿಲ್‌ನಲ್ಲಿ ಒಂದು, ಜೂನ್‌ನಲ್ಲಿ ಒಂದು,
ಆಗಸ್ಟ್ ಮುಗಿಯುವ ಮೊದಲೇ ಇನ್ನೊಂದು.
ಇವತ್ತು ಮತ್ತೆ ಏಳನೇ ನಂಬರಿನ ಫೋರ್ಕ್‌ಲಿಫ್ಟು
ಮೀನಿನ ಪೆಟ್ಟಿಗೆ ಹೊತ್ತುಕೊಂಡೇ ಕುಂಟುತ್ತ ಬಂದು
ನನ್ನ ಶೆಡ್ಡಿನೆದುರು ನಿಂತಿದೆ.
ಅದೇ ಎಡಗಡೆಯ ಹಿಂದಿನ ಚಕ್ರ. ಅದೇ ಬೇರಿಂಗು.

ವಾಲ್ವಿಸ್ ಬೇಯಲ್ಲಿ ಬೆಳಗಿನ ಮಂಜು ಇನ್ನೂ ಎದ್ದಿಲ್ಲ.
ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆದಾಗಲೆಲ್ಲ
ಒಳಗಿನ ಮಂಜು ಹೊಸ್ತಿಲಿಗೆ ಬಂದು
ಹೊರಗಿನದನ್ನು ಇಣುಕಿ ನೋಡುತ್ತದೆ.

ಮರಳು, ಅಂದಿದ್ದ ಮ್ಯಾನೇಜರ್ ಕ್ಲೂಟೆ.
ಈ ಊರಲ್ಲಿ ಎಲ್ಲದಕ್ಕೂ ಮರಳೇ ಹೊಣೆ:
ಗಡಿಯಾರ ನಿಂತರೂ ಮರಳು, ಹೆಂಡತಿ ಮುನಿದರೂ ಮರಳು.
ಆಮೇಲೆ, ಡ್ರೈವರ್, ಅಂದ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ;
ಇಯಾಂಬೊನ ಅರ್ಧ ದಿನದ ಕೂಲಿ ಕಡಿದರು.
ಅವನು ತುಟಿ ಬಿಚ್ಚಲಿಲ್ಲ. ಮರುದಿನದಿಂದ
ರೈಲು ಹಳಿ ಬಂದಾಗ
ತುಂಬು ಬಸುರಿಯನ್ನು ಕೈಹಿಡಿದು ದಾಟಿಸಿದ ಹಾಗೆ
ಗಾಡಿ ದಾಟಿಸತೊಡಗಿದ.
ಆದರೂ ಹೋಯಿತು.

ನನ್ನ ತಪ್ಪೂ ಇದೆ.
ಮೂರು ಸಲ ಹೊಸದು ತೊಡಿಸಿ, ಗ್ರೀಸ್ ಮೆತ್ತಿ,
ಸರಿಯಾಗಿದೆ ಎಂದು ಸಹಿ ಹಾಕಿದವಳು ನಾನೇ.
ಮಣ್ಣು ಮಾಡುವ ಅವಸರದಲ್ಲಿ
ಸತ್ತದ್ದರ ಮುಖ ನೋಡಿರಲಿಲ್ಲ.

ಈ ಸಲ ಎಸೆಯಲಿಲ್ಲ.
ಗ್ರೈಂಡರಿನಲ್ಲಿ ಹೊರಬಳೆ ಸೀಳಿ
ಹಳೆಯ ಪೇಪರಿನ ಮೇಲೆ, ಸಾವಿನ ಜಾಹೀರಾತುಗಳ ಮೇಲೆಯೇ,
ಒಂದೊಂದಾಗಿ ಹರಡಿದೆ.
ಮರಳಾಗಿದ್ದರೆ ಗೀರು ಇರಬೇಕು. ಇಲ್ಲ.
ಭಾರ ಹೆಚ್ಚಾಗಿದ್ದರೆ ಒಂದೇ ಕಡೆ ಸವೆಯಬೇಕು. ಅದೂ ಇಲ್ಲ.
ಇದ್ದದ್ದು ತುಕ್ಕಿನ ಸಣ್ಣ ಗೆರೆಗಳು,
ರೋಲರಿಗೊಂದರಂತೆ, ಅಳೆದಿಟ್ಟ ಅಂತರದಲ್ಲಿ.
ಓಡುವಾಗ ಬಿದ್ದ ಗೆರೆಯಲ್ಲ ಇದು;
ಸುಮ್ಮನೆ ನಿಂತಾಗ, ಬಹುಶಃ ಒಂದು ಇಡೀ ಭಾನುವಾರ,
ನೀರಲ್ಲಿ ನಿಂತಾಗ ಬಿದ್ದದ್ದು.
ಗ್ರೀಸು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು.
ಕಿರುಬೆರಳಲ್ಲಿ ತೆಗೆದು ನಾಲಗೆಗೆ ತಾಗಿಸಿದೆ, ಉಗಿದೆ.
ಗಾಳಿಗೂ ಉಪ್ಪಿರುವ ಊರಿನಲ್ಲಿ
ಇದಕ್ಕೆ ಉಪ್ಪಿಲ್ಲ.
ಸಮುದ್ರವಲ್ಲ, ನಲ್ಲಿ.

ಶನಿವಾರ ರಾತ್ರಿ ಪಾಳಿ ಮುಗಿದ ಮೇಲೆ
ದೀಪ ಆರಿಸಿ ಶೆಡ್ಡಿನಲ್ಲೇ ಕೂತೆ.
ಹನ್ನೊಂದಕ್ಕೆ ಫಿಲೆಮೋನ್ ಬಂದ, ತೊಳೆಯುವ ಹುಡುಗ,
ಪ್ರೆಷರ್ ಪೈಪು ಎಳೆದುಕೊಂಡು, ಸಿಳ್ಳೆ ಹಾಕುತ್ತ.
ಉಳಿದವಕ್ಕೆಲ್ಲ ದೂರದಿಂದ ನಾಲ್ಕು ಹನಿ.
ಏಳನೆಯದರ ಬಳಿ ಮಾತ್ರ ಮಂಡಿಯೂರಿದ;
ಕೂಸಿನ ಕಿವಿಯ ಸಂದಿ ತೊಳೆದ ಹಾಗೆ
ಚಕ್ರದ ನಡುವಿಗೇ, ಒಂದು ಗೇಣು ದೂರದಿಂದ,
ಕಬ್ಬಿಣದ ಬಣ್ಣ ಕಾಣುವ ತನಕ ನೀರು ಬಿಟ್ಟ.
ಎಡಗಡೆಗೆ ಮಾತ್ರ.
ಬಲಗಡೆಗೆ ಪೈಪು ಎಟುಕುತ್ತಿರಲಿಲ್ಲ.

ಒಂದೂವರೆ ಮೀಟರು ಪೈಪು ಕಮ್ಮಿ ಬಿದ್ದದ್ದಕ್ಕೆ
ಬಲಗಡೆ ಬದುಕಿತ್ತು.

ಬೆಚ್ಚಿ ಎದ್ದವನು ಅಂದ: ಮೆಮೆ ನ್ದಪಾಂಡ,
ಲೈಸನ್ಸ್ ಆದರೆ ಇದನ್ನೇ ಕೊಡ್ತಾರಂತೆ ನನಗೆ.
ಅದಕ್ಕೇ.

ಬಯ್ಯಲು ಬಾಯಿ ತೆರೆದವಳು
ಬಟ್ಟೆ ತುಂಡೊಂದು ಕೊಟ್ಟೆ, ಗ್ರೀಸ್ ಗನ್ ಕೊಟ್ಟೆ.
ತೊಳೆಯಬೇಡ, ಒರೆಸು.
ಹಳೆಯದು ಹೊರಬರುವ ತನಕ ಹೊಸದನ್ನು ಒತ್ತು.

ವರದಿಯಲ್ಲಿ, ಕಾರಣ ಎಂಬಲ್ಲಿ, ನೀರು ಎಂದು ಬರೆದೆ.
ಯಾರು ಎಂಬಲ್ಲಿ ಒಂದು ಅಡ್ಡಗೆರೆ.

ಡಿಸೆಂಬರ್ ಬಂತು. ಚಕ್ರ ತಿರುಗುತ್ತಿದೆ.
ಸೋಮವಾರಗಳಲ್ಲಿ ಅದಕ್ಕೆ ಕಿವಿಯಿಟ್ಟು ಕೇಳುತ್ತೇನೆ.
ಇಯಾಂಬೊನ ಅರ್ಧ ದಿನದ ಕೂಲಿಯ ಬಗ್ಗೆ
ಕ್ಲೂಟೆಯನ್ನು ಎರಡು ಸಲ ಕೇಳಿದೆ.
ಆ ತಿಂಗಳ ಲೆಕ್ಕ ಮುಚ್ಚಿಯಾಗಿದೆಯಂತೆ.